ಸಿಮ್ಯುಲೇಟರ್‌ಗೆ ಸ್ವಂತ ವಿಮಾನ ಮಾಡಿ ಏನು ಸಿಕ್ಕಿತು? ಭಾವನಿಗೆ ಕೊಡದ ಉತ್ತರ

ಕಾಳಿ_ಅಳಿವೆ (ಕಾರವಾರ)

ಮೊನ್ನೆ ಮನೆಗೆ ಬಂದಿದ್ದ ಭಾವ ನನ್ನ ಕಂಪ್ಯೂಟರ್ ಕಡೆ ಹಣಕಿ, "ಇನ್ನೂ ಅದೇ ವಿಮಾನವಾ? ಕಳೆದ ಚೌತಿಗೆ ಬಂದಾಗಲೂ ಇದನ್ನೇ ಮಾಡ್ತಾ ಇದ್ದೆಯಲ್ಲ" ಅಂದ. ಅದೇ ವಿಮಾನ. ಅದರ ಹಿಂದಿನ ಚೌತಿಗೂ ಇದೇ. "ಇದರಿಂದ ನಿನಗೆ ಬಂದದ್ದೇನು?" ಅಂತ ಕೇಳಿದ್ದಕ್ಕೆ ಚಹ ಇಡುವ ನೆಪದಲ್ಲಿ ಒಳಗೆ ಹೋದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ನಮ್ಮ ಟ್ಯಾಗೋರ್ ಬೀಚಿನ ಟುಪೊಲೆವ್‌ನಿಂದ. 1988ರಿಂದ 2017ರವರೆಗೆ ನೌಕಾಪಡೆಯಲ್ಲಿ ಹಾರಿದ ಟಿಯು-142, ಅರಕ್ಕೋಣದಿಂದ ಬಿಡಿ ಭಾಗಗಳಾಗಿ ರಸ್ತೆ ಮೇಲೆ ಬಂದು ಚಾಪಲ್ ಹಡಗಿನ ಪಕ್ಕ ನಿಂತಿತಲ್ಲ, ಅದು. ಎಲ್ಲರೂ ಸೆಲ್ಫಿ ತೆಗೆದುಕೊಂಡು ಹೋದರು, ನಾನು ಪ್ರೊಪೆಲರ್ ಎಲೆ ಎಣಿಸುತ್ತ ನಿಂತೆ. ಒಂದು ಎಂಜಿನ್ನಿಗೆ ಎಂಟು ಎಲೆ: ಮುಂದೆ ನಾಲ್ಕು, ಹಿಂದೆ ನಾಲ್ಕು, ಮುಂದಿನದು ಒಂದು ಕಡೆಗೆ ತಿರುಗಿದರೆ ಹಿಂದಿನದು ಇನ್ನೊಂದು ಕಡೆಗೆ. ಹೀಗೇಕೆ ಮಾಡಿದರು ಎಂದು ಹುಡುಕುತ್ತ ಹೋದವನು ಫ್ಲೈಟ್‌ಗಿಯರ್ ಎಂಬ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಪುಕ್ಕಟೆ ಸಿಮ್ಯುಲೇಟರ್‌ಗೆ ಬಂದು ಬಿದ್ದೆ.

ಮೊದಲು ಟುಪೊಲೆವ್ ಮಾಡಹೊರಟೆ. ಎರಡು ತಿಂಗಳಲ್ಲಿ ಬುದ್ಧಿ ಬಂತು. ಐವತ್ತು ಮೀಟರ್ ರೆಕ್ಕೆ, ನಾಲ್ಕು ಎಂಜಿನ್, ಎಂಟು ಪ್ರೊಪೆಲರ್. ಈಜು ಕಲಿಯುವವ ಅಳಿವೆಯಲ್ಲಿ ಇಳಿಯಬಾರದು. ಅದನ್ನು ಬಿಟ್ಟು ಎಚ್‌ಟಿ-2 ಹಿಡಿದೆ. ಡಾ. ವಿ. ಎಂ. ಘಾಟಗೆ ಅವರ ಕೈಕೆಳಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಇದು. ಹಿಂದೆ ಮುಂದೆ ಎರಡು ಸೀಟು, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್, ರೆಕ್ಕೆಯಗಲ 10.72 ಮೀಟರ್, ತುಂಬಿದ ತೂಕ 1,016 ಕೆಜಿ. ಚಕ್ರ ಮಡಚುವುದಿಲ್ಲ. ಫ್ಲೈಟ್‌ಗಿಯರ್ ಒಳಗೆ ಹಾರಾಟದ ಲೆಕ್ಕ ಹಾಕುವುದು ಜೆಎಸ್‌ಬಿಸಿಮ್ ಎಂಬ ತಂತ್ರಾಂಶ. ನಾವು ಬರೆದುಕೊಡುವುದು ವಿಮಾನದ ಅಂಕಿಗಳಿರುವ ಒಂದು ಎಕ್ಸ್‌ಎಮ್‌ಎಲ್ ಕಡತ, ಅಷ್ಟೇ. ಹೊರಗಿನ ಆಕಾರವನ್ನು ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರ ತಂತ್ರಾಂಶದಲ್ಲಿ ಮಾಡಿ ಇದಕ್ಕೆ ಅಂಗಿಯ ಹಾಗೆ ತೊಡಿಸುವುದು.

ಮೊದಲ ದಿನ ರನ್‌ವೇ ಮೇಲೆ ಇಟ್ಟ ಕೂಡಲೇ ವಿಮಾನ ಮೂಗು ನೆಲಕ್ಕೆ ಹಚ್ಚಿ ಅಡ್ಡಬಿತ್ತು. ಎಂಜಿನ್ನೂ ಚಾಲೂ ಮಾಡಿರಲಿಲ್ಲ. ನಾಲ್ಕು ರಾತ್ರಿ ಹುಡುಕಿದೆ. ಕೊನೆಗೆ ನೋಡಿದರೆ ಒಂದು ಮೈನಸ್ ಚಿಹ್ನೆ. ಜೆಎಸ್‌ಬಿಸಿಮ್‌ನಲ್ಲಿ ಅಳತೆ ಬಾಲದ ಕಡೆಗೆ ಪ್ಲಸ್, ಮೂಗಿನ ಕಡೆಗೆ ಮೈನಸ್, ಅದೂ ಇಂಚಿನಲ್ಲಿ. ನಾನು ಮೂಲಬಿಂದುವನ್ನು ತೂಕದ ನಡುವಿನಲ್ಲಿ ಇಟ್ಟುಕೊಂಡಿದ್ದೆ. ಮುಖ್ಯ ಚಕ್ರಗಳು ಅದಕ್ಕಿಂತ ಮುಂದೆ ಇರಬೇಕಾದವು ಹಿಂದೆ ಹೋಗಿದ್ದವು. ಮುಂದೆ ಆಸರೆಯೇ ಇಲ್ಲದ ಮೇಲೆ ಮೂಗು ಇನ್ನೆಲ್ಲಿಗೆ ಹೋಗಬೇಕು?

ಅದನ್ನು ಸರಿ ಮಾಡಿದ ಮೇಲೆ ಇನ್ನೊಂದು. ಓಡುವಾಗ ಸ್ವಲ್ಪ ಅಡ್ಡವಾದರೆ ಸಾಕು, ಬಾಲ ಸುತ್ತಿಕೊಂಡು ಮುಂದೆ ಬರುತ್ತಿತ್ತು. ಇದನ್ನೂ ಸರಿಪಡಿಸಲು ಹದಿನೈದು ದಿನ ಒದ್ದಾಡಿದೆ. ಆಮೇಲೆ ಗೊತ್ತಾಯಿತು, ಅದು ತಪ್ಪೇ ಅಲ್ಲ. ಬಾಲದಲ್ಲಿ ಚಕ್ರ ಇರುವ ವಿಮಾನಗಳ ಹುಟ್ಟುಗುಣವೇ ಅದು. ತೂಕ ಹಿಂದೆ, ಚಕ್ರ ಮುಂದೆ ಇದ್ದರೆ ತೂಕ ಮುಂದೆ ಬರಲು ಹವಣಿಸುತ್ತದೆ. ಪೈಲಟ್ ಕಾಲಿನಿಂದ ರಡರ್ (ಬಾಲದ ಚುಕ್ಕಾಣಿ) ಒತ್ತುತ್ತಲೇ ಇರಬೇಕು. ನಾನು ವಿಮಾನವನ್ನು ತಿದ್ದುತ್ತಿದ್ದೆ, ಕಲಿಯಬೇಕಿದ್ದದ್ದು ನನ್ನ ಕಾಲು.

ಭಾವನಿಗೆ ಇದನ್ನು ಹೇಳಿದರೆ ಅರ್ಥ ಆಗುತ್ತಿತ್ತಾ ಗೊತ್ತಿಲ್ಲ. ಇದೇ ದಾರಿಯಲ್ಲಿ ಬೇರೆ ಯಾರಾದರೂ ಇದ್ದೀರಾ? ನಿಮಗೇನು ಸಿಕ್ಕಿತು?

ಬೈತಖೋಲ_ಬೋಟು

ವಿಮಾನದ ಗಂಧ ನನಗಿಲ್ಲ. ಆದರೆ ತೂಕದ ಮಾತು ಬಂತಲ್ಲ, ಅದು ನಮಗೆ ದಿನಾ ಇದ್ದದ್ದೇ. ಐಸ್ ತುಂಬುವಾಗ ಹೊಸ ಹುಡುಗರು ಕೈಗೆ ಹತ್ತಿರ ಅಂತ ಎಲ್ಲ ಹಿಂದೆ ಹಾಕಿಬಿಡುತ್ತಾರೆ. ಬೋಟು ಮೂತಿ ಎತ್ತಿಕೊಂಡು ಹೋಗುತ್ತದೆ, ಡೀಸೆಲ್ ಕುಡಿಯುತ್ತದೆ, ತೆರೆ ಅಡ್ಡ ಬಂದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಮೀನು ಬಿದ್ದ ಮೇಲೆ ಮತ್ತೆ ಲೆಕ್ಕ ಬದಲು. ನಿಮ್ಮ ವಿಮಾನಕ್ಕೂ ಹೀಗೇನಾ?

ಕಾಳಿ_ಅಳಿವೆ

ಅದೇ ಅಣ್ಣ, ಒಂದು ಕೂದಲಿನಷ್ಟೂ ಬೇರೆ ಇಲ್ಲ. ತೂಕ ಹಿಂದೆ ಸರಿದಷ್ಟೂ ವಿಮಾನ ಚುರುಕಾಗುತ್ತದೆ, ಒಂದು ಮಿತಿ ದಾಟಿದರೆ ಹತೋಟಿ ತಪ್ಪುತ್ತದೆ. ಬೋಟು ಆದರೆ ನೀರಿನ ಮೇಲೇ ಇರುತ್ತದೆ, ಇದಕ್ಕೆ ಆ ಭಾಗ್ಯ ಇಲ್ಲ.

ನೆಟ್ಟಗೆ_ಮಾತು (ಹೊನ್ನಾವರ)

ಬೇಸರ ಮಾಡಿಕೊಳ್ಳಬೇಡಿ. ಎರಡೂವರೆ ವರ್ಷ, ಅದೂ ಪುಕ್ಕಟೆ ಸಿಮ್ಯುಲೇಟರ್‌ಗೆ, ಪುಕ್ಕಟೆ ವಿಮಾನ. ಅಷ್ಟೇ ಹೊತ್ತಲ್ಲಿ ಕೋಡಿಂಗ್ ಕಲಿತಿದ್ದರೆ ಬೆಂಗಳೂರಲ್ಲಿ ಕೆಲಸ ಸಿಗುತ್ತಿತ್ತು. ದುಡ್ಡಿಗೆ ಮಾರುವವರೂ ಇದ್ದಾರಲ್ಲ, ಎಕ್ಸ್-ಪ್ಲೇನ್ ಸಿಮ್ಯುಲೇಟರ್‌ಗೆ, ಮೈಕ್ರೋಸಾಫ್ಟ್‌ನದ್ದಕ್ಕೆ? ಹಾಗಾದರೂ ಮಾಡಬಹುದಿತ್ತು. ಇದು ಆಟ ಅಂತ ಒಪ್ಪಿಕೊಂಡರೆ ನನ್ನ ತಕರಾರು ಇಲ್ಲ. ವಿದ್ಯೆ ಅಂದರೆ ಇದೆ.

ಕುಂಚ_ಕುಮಟಾ

ದುಡ್ಡಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ನನಗೆ ಸ್ವಲ್ಪ ಬಂದಿದೆ, ಬಂದದ್ದು ವಿಮಾನದಿಂದ ಅಲ್ಲ.

ನನ್ನದು ಬಣ್ಣದ ಕೆಲಸ. ಬೇರೆಯವರು ಮಾಡಿದ ಆಕಾರಕ್ಕೆ ಬಣ್ಣ, ತುಕ್ಕು, ಎಣ್ಣೆ ಕಲೆ, ರಿವೆಟ್ ಸಾಲು ಬರೆಯುವುದು. ಮೂರು ಆಯಾಮದ ಮೈಯನ್ನು ಬಿಡಿಸಿ ಚಪ್ಪಟೆ ಹಾಳೆಯ ಮೇಲೆ ಹರಡಿಕೊಳ್ಳಬೇಕು, ಅದರ ಮೇಲೆ ಬಣ್ಣ ಬಳಿಯಬೇಕು. ಇದು ನನಗೆ ತಲೆಗೆ ಹತ್ತಿದ್ದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಿಂದ. ಹಾಳೆಯ ನಡುಭಾಗ ಒಂದೇ ಕಡೆಗೆ ಬಾಗಿರುತ್ತದೆ. ನೆನೆಸಿ ಒತ್ತಿದರೆ ಸಲೀಸಾಗಿ ಚಪ್ಪಟೆ ಆಗುತ್ತದೆ. ಬುಡದ ಹತ್ತಿರ ಎರಡೂ ಕಡೆಗೆ ಬಾಗಿದ ಜಾಗ ಇದೆಯಲ್ಲ, ಅಲ್ಲಿ ಒತ್ತಿದರೆ ಒಂದೋ ಸುಕ್ಕು, ಇಲ್ಲ ಸೀಳು. ವಿಮಾನದ ಉದ್ದನೆಯ ಮೈ ನಡುಭಾಗದ ಹಾಗೆ, ಮೂಗು ಬುಡದ ಹಾಗೆ. ಮೂಗಿನಲ್ಲಿ ಸೀಳು ಎಲ್ಲಿ ಕೊಟ್ಟರೆ ನೋಡುವವರಿಗೆ ಕಾಣುವುದಿಲ್ಲ ಎಂಬುದೇ ಈ ಕೆಲಸದ ಗುಟ್ಟು. ನಾನು ಕೆಳಗಡೆ ಕೊಡುತ್ತೇನೆ, ಚಕ್ರದ ನೆರಳು ಬೀಳುವಲ್ಲಿ.

ಇದನ್ನು ಕಲಿತ ಬ್ಲೆಂಡರ್‌ನಲ್ಲೇ ಈಗ ಊರಿನ ಎಂಜಿನಿಯರುಗಳಿಗೆ ಮನೆ ಎಲಿವೇಶನ್ ಮಾಡಿಕೊಡುತ್ತೇನೆ. ಅಕ್ಕಪಕ್ಕದ ಮನೆಗಳಿಗಿಂತ ಬೇರೆ ಥರ ಕಾಣಬೇಕು ಎನ್ನುವವರೇ ಎಲ್ಲ, ಕೊನೆಗೆ ಎಲ್ಲರಿಗೂ ಅದೇ ಗಾಜಿನ ಕಟಕಟೆ ಬೇಕು. ತಿಂಗಳ ಖರ್ಚು ನಡೆಯುತ್ತದೆ. ವಿಮಾನಕ್ಕೆ ಬಳಿದ ಬಣ್ಣಕ್ಕೆ ಇವತ್ತಿನವರೆಗೆ ಒಂದು ರೂಪಾಯಿ ಬಂದಿಲ್ಲ. ಒಮ್ಮೆ ಯಾರೋ ನನ್ನ ಕೆಲಸವನ್ನೇ ತಮ್ಮ ಹೆಸರಲ್ಲಿ ಮಾರಾಟಕ್ಕೆ ಇಟ್ಟಿದ್ದರು. ರೆಕ್ಕೆಯ ಒಳಗಡೆ ನಾನು ಕುಮಟಾ ಅಂತ ಸಣ್ಣಗೆ ಬರೆದದ್ದನ್ನು ಅವರು ಅಳಿಸಿರಲಿಲ್ಲ, ಪಾಪ.

ಅಂಕೋಲೆ_ಮೇಷ್ಟ್ರು

ನಿವೃತ್ತ ಗಣಿತ ಶಿಕ್ಷಕ ನಾನು. ಆಟವೋ ವಿದ್ಯೆಯೋ ಎಂದು ತೀರ್ಮಾನಿಸುವ ಮೊದಲು ಕಾಳಿ_ಅಳಿವೆಯವರಿಗೆ ಒಂದು ಪರೀಕ್ಷೆ ಕೊಡುತ್ತೇನೆ.

ವಿಮಾನವನ್ನು ಸಮತಟ್ಟಾಗಿ, ಕೈಬಿಟ್ಟರೂ ನೆಟ್ಟಗೆ ಹೋಗುವ ಹಾಗೆ ಹೊಂದಿಸಿ. ಮೂಗನ್ನು ಸ್ವಲ್ಪ ಕೆಳಗೆ ಒತ್ತಿ, ಕೈ ಬಿಡಿ. ಅದು ಇಳಿದು ವೇಗ ಪಡೆಯುತ್ತದೆ, ವೇಗ ಹೆಚ್ಚಿದ್ದಕ್ಕೆ ಲಿಫ್ಟ್ (ರೆಕ್ಕೆ ಮೇಲೆತ್ತುವ ಬಲ) ಹೆಚ್ಚಿ ಏರುತ್ತದೆ, ಏರಿದ್ದಕ್ಕೆ ವೇಗ ಕಳೆದುಕೊಂಡು ಮತ್ತೆ ಇಳಿಯುತ್ತದೆ. ಉಯ್ಯಾಲೆಯ ಹಾಗೆ. ಇದಕ್ಕೆ ಫುಗಾಯ್ಡ್ ಎಂದು ಹೆಸರಿಟ್ಟವನು ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್, 1908ರಲ್ಲಿ. ಒಂದು ಪೂರ್ತಿ ಉಯ್ಯಾಲೆಗೆ ಎಷ್ಟು ಸೆಕೆಂಡು ಬೇಕು? ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ಬರೆದು 0.45ರಿಂದ ಗುಣಿಸಿ. ಎಚ್‌ಟಿ-2ರ ಕ್ರೂಸ್ ವೇಗ (ಒಂದೇ ಸಮನೆ ಸಾಗುವ ವೇಗ) ಗಂಟೆಗೆ 185 ಕಿಮೀ, ಅಂದರೆ ಸೆಕೆಂಡಿಗೆ 51 ಮೀಟರ್. ಉತ್ತರ 23 ಸೆಕೆಂಡು.

ತಮಾಷೆ ಏನೆಂದರೆ ಈ ಸೂತ್ರದಲ್ಲಿ ತೂಕ ಇಲ್ಲ, ರೆಕ್ಕೆಯ ಅಳತೆ ಇಲ್ಲ, ಎಂಜಿನ್ ಇಲ್ಲ. ವೇಗ ಮತ್ತು ಭೂಮಿಯ ಗುರುತ್ವ ಎರಡೇ. ಎಣಿಸಿ ಹೇಳಿ.

ಕಾಳಿ_ಅಳಿವೆ

ಮೇಷ್ಟ್ರೇ, ಈಗಷ್ಟೇ ಎಣಿಸಿದೆ. ಮೂರು ಸಲ. 24, 23, 24.

ಕೈ ನಡುಗುತ್ತಿದೆ ಅಂದರೆ ನಗಬೇಡಿ. ನನ್ನ ಕಡತದಲ್ಲಿ 23 ಎಂಬ ಅಂಕಿ ಎಲ್ಲೂ ಇಲ್ಲ. ನಾನು ಹಾಕಿದ್ದು ತೂಕ, ರೆಕ್ಕೆ, ಬಾಲದ ದೂರ, ಎಂಜಿನ್. ನಾನು ಹಾಕದೇ ಇದ್ದ ಒಂದು ಸಂಗತಿ ಒಳಗಿನಿಂದ ತಾನಾಗಿ ಹೊರಗೆ ಬಂತು. ಭಾವನಿಗೆ ಇದನ್ನೇ ಹೇಳಬೇಕಿತ್ತು.

ಹ್ಯಾಂಗರ್_ಹಳಬ (ಸದ್ಯ ಸಿದ್ದಾಪುರ)

ಮೂವತ್ತು ವರ್ಷ ವಿಮಾನದ ಮೈಕೈ ನೋಡಿಕೊಂಡವನು ನಾನು. ಸಂಭ್ರಮಕ್ಕೆ ತಣ್ಣೀರು ಹಾಕುತ್ತಿದ್ದೇನೆ, ಕ್ಷಮೆ ಇರಲಿ.

ಮೇಷ್ಟ್ರು ಹೇಳಿದ್ದು ಸರಿ. ಆದರೆ ಅವರ ಮಾತನ್ನೇ ಇನ್ನೊಮ್ಮೆ ಓದು ತಮ್ಮ. ಸೂತ್ರದಲ್ಲಿ ನಿನ್ನ ವಿಮಾನವೇ ಇಲ್ಲ. ಹಾಗಾದಮೇಲೆ ನಿನ್ನ ಅಂಕಿಗಳು ತಪ್ಪಿದ್ದರೂ 23 ಬಂದೇ ಬರುತ್ತದೆ. ಉಯ್ಯಾಲೆ ಎಷ್ಟು ಹೊತ್ತಿಗೊಮ್ಮೆ ತೂಗುತ್ತದೆ ಅಂತ ನೋಡಿದ್ದು ಸಾಕು, ಎಷ್ಟು ಬೇಗ ನಿಲ್ಲುತ್ತದೆ ಅಂತ ನೋಡು. ಅದನ್ನು ನಿಲ್ಲಿಸುವುದು ಡ್ರ್ಯಾಗ್, ಅಂದರೆ ಗಾಳಿಯ ತಡೆ. ಚಕ್ರ ಹೊರಗೆ ಚಾಚಿಕೊಂಡ ಆ ಕಾಲದ ವಿಮಾನಕ್ಕೆ ಕ್ರೂಸ್‌ನಲ್ಲಿ ಲಿಫ್ಟು ಡ್ರ್ಯಾಗಿನ ಎಂಟು ಹತ್ತು ಪಟ್ಟು ಅಂತ ಇಟ್ಟುಕೊ. ಒಂದೊಂದು ಸುತ್ತಿಗೆ ಏರಿಳಿತ ಮೂರನೇ ಒಂದರಷ್ಟಾದರೂ ಕಡಿಮೆ ಆಗಬೇಕು. ನಿನ್ನದು?

ಕಾಳಿ_ಅಳಿವೆ

ಮೊದಲ ಸುತ್ತಿನಲ್ಲಿ 200 ಅಡಿ. ಮುಂದಿನದರಲ್ಲಿ 160.

ಹ್ಯಾಂಗರ್_ಹಳಬ

ಐದನೇ ಒಂದು ಭಾಗ ಅಷ್ಟೇ ಹೋಯಿತು. ಡ್ರ್ಯಾಗ್ ಇರಬೇಕಾದ ಅರ್ಧ ಇದೆ. ಹಾಗಿದ್ದೂ ನಿನ್ನ ಗರಿಷ್ಠ ವೇಗ ಗಂಟೆಗೆ 209 ಕಿಮೀ ಸರಿಯಾಗಿ ಬರುತ್ತಿದೆಯಾ? ಬಂದರೆ ಹೇಗೆ ಬಂತು?

ಕಾಳಿ_ಅಳಿವೆ

ಒಪ್ಪಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ವಿಮಾನ ಬಹಳ ಜೋರಾಗಿ ಓಡುತ್ತಿತ್ತು. ಯಾಕೆ ಅಂತ ಹುಡುಕುವ ತಾಳ್ಮೆ ಇರಲಿಲ್ಲ. ಎಂಜಿನ್‌ನ ಶಕ್ತಿಯನ್ನು 155ರಿಂದ 95ಕ್ಕೆ ಇಳಿಸಿದೆ. ವೇಗ ಸರಿಹೋಯಿತು. ಸರಿಹೋಯಿತು ಅಂತ ಮರೆತೂಬಿಟ್ಟೆ. ಏರುವಾಗ ಯಾಕೆ ಎಮ್ಮೆಯ ಹಾಗೆ ಏರುತ್ತದೆ ಅಂತ ಒಂದು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದೆ.

ಈಗ ನೋಡಿದರೆ ಚಕ್ರದ ಡ್ರ್ಯಾಗ್ ಹಾಕಿಯೇ ಇಲ್ಲ. ಬ್ಲೆಂಡರ್‌ನಲ್ಲಿ ಚಕ್ರ ಇದೆ, ಟೈರಿನ ಮೇಲೆ ಗೆರೆ ಕೂಡ ಇದೆ. ಗಾಳಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ತಪ್ಪು ಮಾಡಿ, ಎರಡೂ ಒಂದರ ಬೆನ್ನಿಗೆ ಒಂದು ಅಡಗಿ ಕೂತಿದ್ದವು.

ಹ್ಯಾಂಗರ್_ಹಳಬ

ಹ್ಞಾ. ಇದು ಹ್ಯಾಂಗರಿನಲ್ಲೂ ನಡೆಯುತ್ತದೆ, ಅದರ ಕಥೆ ಇಲ್ಲಿ ಬೇಡ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಸಿಮ್‌ಗೆ ವಿಮಾನ ಮಾಡುವುದನ್ನು ವಿಮಾನ ವಿನ್ಯಾಸ ಅಂತ ಕರೆಯುವಾಗ ಸ್ವಲ್ಪ ಬಿಗಿ ಹಿಡಿಯಿರಿ. ನಿಮ್ಮ ರೆಕ್ಕೆ ಮುರಿಯುವುದಿಲ್ಲ. ಕೀಲಿನಲ್ಲಿ ಕೂದಲೆಳೆ ಬಿರುಕು ಬರುವುದಿಲ್ಲ. ಹತ್ತು ಸಾವಿರ ಸಲ ಇಳಿದರೂ ಚಕ್ರದ ಕಾಲು ದಣಿಯುವುದಿಲ್ಲ. ಹೇಗೆ ಹಾರುತ್ತದೆ ಅಂತ ನಿಮಗೆ ಗೊತ್ತಾಗುತ್ತದೆ, ಚೆನ್ನಾಗಿಯೇ ಗೊತ್ತಾಗುತ್ತದೆ. ಹಾರುತ್ತಲೇ ಇರುವ ಹಾಗೆ ಕಟ್ಟುವುದು ಬೇರೆ ವಿದ್ಯೆ.

ನೆಟ್ಟಗೆ_ಮಾತು

ಅದನ್ನೇ ನಾನು ಹೇಳಿದ್ದು.

ಕಾಳಿ_ಅಳಿವೆ

ನೀವು ಹೇಳಿದ್ದು ಆಟ ಅಂತ. ಅವರು ಹೇಳಿದ್ದು ಅರ್ಧ ವಿದ್ಯೆ ಅಂತ. ಅರ್ಧಕ್ಕೆ ನಾನು ಒಪ್ಪುತ್ತೇನೆ, ಖುಷಿಯಿಂದ ಒಪ್ಪುತ್ತೇನೆ. ಬಿ.ಕಾಂ. ಮಾಡಿದವನು ನಾನು.

ವೇದಿಕೆ_ನಿರ್ವಾಹಕ

ಟುಪೊಲೆವ್ ಫೋಟೋ ಹಾಕುವವರು ಹಾಕಿ, ಅದು ಸಾರ್ವಜನಿಕ ಮ್ಯೂಸಿಯಂ. ಅರ್ಗಾ ಕಡೆಯ ನೌಕಾನೆಲೆಯ ಫೋಟೋ ಮಾತ್ರ ಯಾರೂ ಹಾಕಬೇಡಿ, ಸಿಮ್ಯುಲೇಟರ್‌ನಲ್ಲಿ ಕಟ್ಟಲಿಕ್ಕೆ ಅಂತಲೂ ಬೇಡ. ನಿನ್ನೆ ಒಂದು ತೆಗೆದುಹಾಕಿದ್ದೇನೆ.

ಸೋಂದೆ_ದೋಟಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಓದ್ತಾ ಇದ್ದೇನೆ. ಡಿಗ್ರಿ ಎರಡನೇ ವರ್ಷ. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಬರೋದಕ್ಕಿಂತ ಹೋಗೋದು ಜಾಸ್ತಿ. ನಾನೂ ಒಂದು ಮಾಡಬೇಕು ಅಂತ. ಹಂಸಾ-3 ಮನಸ್ಸಲ್ಲಿದೆ, ಬೆಂಗಳೂರಿನ ಎನ್‌ಎಎಲ್‌ನವರದ್ದು. ಎಲ್ಲಿಂದ ಶುರು ಮಾಡಲಿ ಅಣ್ಣ? ಆಯಿ ಈಗಾಗಲೇ ಕೇಳ್ತಾ ಇದ್ದು, "ಇದೆಲ್ಲ ಎಂತಕ್ಕೆ ತಮಾ?" ಹೇಳಿ.

ಕಾಳಿ_ಅಳಿವೆ

ಆಯಿಗೆ ನನ್ನ ಭಾವನ ನಂಬರ್ ಕೊಡು, ಇಬ್ಬರೂ ಮಾತಾಡಿಕೊಳ್ಳಲಿ.

ಹಂಸಾ ಒಳ್ಳೆಯ ಆಯ್ಕೆ. ಒಂದೇ ಎಂಜಿನ್, ಅಕ್ಕಪಕ್ಕ ಎರಡು ಸೀಟು, ಮಡಚದ ಚಕ್ರ, ಮೂಗಿನಲ್ಲಿ ಚಕ್ರ. ನನ್ನ ಎಚ್‌ಟಿ-2ರ ಹಾಗೆ ಬಾಲ ಸುತ್ತುವ ಕಾಟ ಇಲ್ಲ. ಬ್ಲೆಂಡರ್ ಈಗಲೇ ತೆರೆಯಬೇಡ. ಎಲ್ಲರೂ ಮಾಡುವ ತಪ್ಪೇ ಅದು, ಆರು ತಿಂಗಳು ಚಂದದ ಆಕಾರ ಕೆತ್ತಿ, ಅದು ಹಾರುವುದಿಲ್ಲ ಅಂತ ಗೊತ್ತಾಗಿ ಬಿಟ್ಟುಬಿಡುತ್ತಾರೆ. ಏರೋಮ್ಯಾಟಿಕ್ ಅಂತ ಒಂದು ಸಲಕರಣೆ ಇದೆ. ತೂಕ, ರೆಕ್ಕೆ, ಎಂಜಿನ್ ಹೇಳಿದರೆ ಜೆಎಸ್‌ಬಿಸಿಮ್ ಕಡತದ ಕರಡು ಕೊಡುತ್ತದೆ. ಕರಡು ಅಷ್ಟೇ, ಪೂರ್ತಿ ನಂಬಬೇಡ. ಫ್ಲೈಟ್‌ಗಿಯರ್‌ನಲ್ಲಿ ಇರುವ ಯಾವುದಾದರೂ ಸಣ್ಣ ವಿಮಾನದ ಆಕಾರ ತೊಡಿಸಿ ಮೊದಲು ಹಾರಿಸು.

ಹಾರಿಸುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ. ಹಂಸಾದ ಗರಿಷ್ಠ ತೂಕ 750 ಕೆಜಿ, ರೆಕ್ಕೆ ಸುಮಾರು 12.5 ಚದರ ಮೀಟರ್. ಲಿಫ್ಟ್ ಗುಣಾಂಕ (ರೆಕ್ಕೆ ಎಷ್ಟು ಚೆನ್ನಾಗಿ ಎತ್ತುತ್ತದೆ ಎಂಬ ಅಂಕಿ) ಹೆಚ್ಚೆಂದರೆ 1.6 ಅಂತ ಹಿಡಿ. ತೂಕವನ್ನು ಹೊರಲು ಬೇಕಾದ ಕನಿಷ್ಠ ವೇಗ ಸೆಕೆಂಡಿಗೆ 24-25 ಮೀಟರ್ ಬರುತ್ತದೆ, ಗಂಟೆಗೆ 88 ಕಿಮೀ. ನಿನ್ನ ವಿಮಾನ ಅದಕ್ಕಿಂತ ತೀರಾ ನಿಧಾನಕ್ಕೆ ತೇಲಿದರೆ ಖುಷಿ ಪಡಬೇಡ, ಎಲ್ಲೋ ಅಂಕಿ ತಪ್ಪಿದೆ.

ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗಿಸಲು ಎಷ್ಟು ಕಷ್ಟ ಎಂಬ ಅಂಕಿ, ಅಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ಹೆಸರಲ್ಲೇ ದೋಟಿ ಇಟ್ಟುಕೊಂಡಿದ್ದೀಯ, ನಿನಗೆ ಕಷ್ಟ ಆಗಬಾರದು. ಕಾರ್ಬನ್ ಫೈಬರ್ ದೋಟಿ ಮನೆಯಲ್ಲಿ ಇದೆಯಾ?

ಸೋಂದೆ_ದೋಟಿ

ಇದೆ. ಅಡಿಕೆ ಕೊನೆ ಕೊಯ್ಯೋದೂ ಔಷಧಿ ಹೊಡೆಯೋದೂ ಈಗ ಅದರಲ್ಲೇ.

ಕಾಳಿ_ಅಳಿವೆ

ಅದನ್ನು ಮಡಚಿ ನಡುವೆ ಹಿಡಿದು ಆ ಕಡೆ ಈ ಕಡೆ ತಿರುಗಿಸು. ಆಮೇಲೆ ಒಂದೆರಡು ಹಂತ ಬಿಚ್ಚಿ, ಮತ್ತೆ ನಡುವೆಯೇ ಹಿಡಿದು ಅಷ್ಟೇ ಚುರುಕಾಗಿ ತಿರುಗಿಸಿ ನೋಡು. ದೋಟಿಯ ತೂಕ ಒಂದು ಗ್ರಾಮೂ ಹೆಚ್ಚಿಲ್ಲ, ಆದರೆ ಹೊರಡಿಸುವುದೂ ಕಷ್ಟ, ಹೊರಟದ್ದನ್ನು ನಿಲ್ಲಿಸುವುದೂ ಕಷ್ಟ. ತೂಕ ಎಷ್ಟು ಎನ್ನುವುದಕ್ಕಿಂತ ಎಷ್ಟು ದೂರದಲ್ಲಿದೆ ಎನ್ನುವುದು ಇಲ್ಲಿ ಮುಖ್ಯ, ದೂರ ಎರಡು ಪಟ್ಟಾದರೆ ಪರಿಣಾಮ ನಾಲ್ಕು ಪಟ್ಟು. ಬೀಚಿನ ಟುಪೊಲೆವ್ ನೋಡು, ನಾಲ್ಕು ಎಂಜಿನ್ನೂ ರೆಕ್ಕೆಯ ಮೇಲೆ, ಇಂಧನವೂ ರೆಕ್ಕೆಯೊಳಗೆ. ಅದು ನಿನ್ನ ಹಂಸಾದ ಹಾಗೆ ಚಟ್ಟನೆ ವಾಲುವುದಿಲ್ಲ. ಈ ಅಂಕಿ ಸಣ್ಣದಾದರೆ ಬಸ್ಸಿನಂಥ ವಿಮಾನ ಪತಂಗದ ಹಾಗೆ ಕುಣಿಯುತ್ತದೆ.

ಕುಂಚ_ಕುಮಟಾ

ಮತ್ತೆ ತಮ್ಮಾ, ಐದು ನಿಮಿಷಕ್ಕೊಮ್ಮೆ ಸೇವ್ ಮಾಡು. ಕರೆಂಟು ಹೋಗಿ ಒಂದು ಇಡೀ ಬಾಲ ಕಳೆದುಕೊಂಡವಳ ಮಾತು.

ಬೈತಖೋಲ_ಬೋಟು

ಕಾಳಿ_ಅಳಿವೆ, ನಿಮ್ಮ ವಿಮಾನದಲ್ಲಿ ಕಾರವಾರ ಕಾಣುತ್ತದಾ?

ಕಾಳಿ_ಅಳಿವೆ

ಕಾಣುತ್ತದೆ ಅಣ್ಣ. ನಮ್ಮಲ್ಲಿ ಇನ್ನೂ ವಿಮಾನ ನಿಲ್ದಾಣ ಇಲ್ಲವಲ್ಲ, ಅದಕ್ಕೆ ಗೋವೆಯ ದಾಬೋಲಿಮ್‌ನಿಂದ ಎತ್ತುತ್ತೇನೆ. ಕರಾವಳಿ ಹಿಡಿದು ದಕ್ಷಿಣಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಸದಾಶಿವಗಡದ ಗುಡ್ಡ ಎಡಕ್ಕೆ, ಕೂರ್ಮಗಡ ಬಲಕ್ಕೆ, ನಡುವೆ ಕಾಳಿ. ಸಿಮ್‌ನ ನಕ್ಷೆ ಹಳೆಯದು, 2024ರಲ್ಲಿ ಬಿದ್ದ ಹಳೇ ಸೇತುವೆ ಅದರಲ್ಲಿ ಇನ್ನೂ ನಿಂತಿದೆ. ಬೈತಖೋಲದಲ್ಲಿ ಬೋಟು ಒಂದೂ ಇಲ್ಲ, ನೀರು ಮಾತ್ರ. ಒಂದು ದಿನ ಕೂತು ನಿಮ್ಮ ಬೋಟು ಮಾಡಿ ಇಡುತ್ತೇನೆ. ಐಸ್ ಮುಂದೆಯೇ ಹಾಕುತ್ತೇನೆ.

ಡ್ರ್ಯಾಗ್ ಸರಿ ಮಾಡಿ ಎಂಜಿನ್ ವಾಪಸ್ 155ಕ್ಕೆ ಏರಿಸಿದೆ, ಅಂದಹಾಗೆ. ಗರಿಷ್ಠ ವೇಗ 211. ಏರುವುದೂ ಈಗ ವಿಮಾನದ ಹಾಗೆ ಏರುತ್ತದೆ. ಉಯ್ಯಾಲೆ 200 ಅಡಿಯಿಂದ 120ಕ್ಕೆ.

ಹ್ಯಾಂಗರ್_ಹಳಬ

ಸಹಿ ಹಾಕಿದ್ದೇನೆ. ಬಿಡುಗಡೆ ಮಾಡಬಹುದು.

ಸೋಂದೆ_ದೋಟಿ

ಮೂರು ವಾರ ಆಯ್ತು, ವರದಿ ಕೊಡ್ತೇನೆ. ಹಾರಿತು! ಮೊದಲ ದಿನ 11 ಸೆಕೆಂಡು, ಆಮೇಲೆ ಕರೆಂಟು ಹೋಯ್ತು. ನಿನ್ನೆ ಹುಬ್ಬಳ್ಳಿಯಿಂದ ಎತ್ತಿ ಯಲ್ಲಾಪುರದ ತನಕ ಹೋದೆ. ಸ್ಟಾಲ್ (ನೀವು ಹೇಳಿದ ಕನಿಷ್ಠ ವೇಗ) ಗಂಟೆಗೆ 90 ಕಿಮೀ ಹತ್ತಿರ ಬಂತು. ಮೇಷ್ಟ್ರ ಉಯ್ಯಾಲೆಯೂ ಸರಿ ಇದೆ.

ಒಂದೇ ತೊಂದರೆ. ಕೈ ಬಿಟ್ಟರೆ ನಿಧಾನಕ್ಕೆ ಎಡಕ್ಕೆ ವಾಲ್ತದೆ. ಎಂಜಿನ್ ಆಫ್ ಮಾಡಿದರೂ ಎಡಕ್ಕೇ. ರೆಕ್ಕೆಯ ಅಂಕಿ ನಾಲ್ಕು ಸಲ ನೋಡಿದೆ, ಎರಡೂ ಕಡೆ ಒಂದೇ.

ಕಾಳಿ_ಅಳಿವೆ

ಪೈಲಟ್ ತೂಕ ಎಲ್ಲಿ ಹಾಕಿದ್ದೀಯ?

ಸೋಂದೆ_ದೋಟಿ

ಎಡ ಸೀಟಿಗೆ. 70 ಕೆಜಿ.

ಕಾಳಿ_ಅಳಿವೆ

ಬಲ ಸೀಟಿನಲ್ಲಿ?

ಸೋಂದೆ_ದೋಟಿ

ಓಹೋ.

ಆಯಿ 52 ಕೆಜಿ. ಅವಳನ್ನೇ ಕೂರಿಸ್ತೇನೆ.

ಹ್ಯಾಂಗರ್_ಹಳಬ

ಪೌಂಡಿನಲ್ಲಿ ಹಾಕು. 115.